ರಜೆಯ ವಾರದ ಸೊನ್ನೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಮಲೇಷ್ಯಾದ ಸೈಬರ್‌ಜಯಾದ ಆಫೀಸಿನಲ್ಲಿ ಅಮೆರಿಕದ ಕ್ಲೈಂಟ್ ಜೊತೆ ಹರಟೋಕೆ ಅಂತ ಅವರ ಫುಟ್‌ಬಾಲ್ ನೋಡಲು ಕಲಿತ ನಾವು ನಾಲ್ಕು ಜನ ಕನ್ನಡಿಗರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. ಅಲ್ಲಿ ನನ್ನ ಜಗಳವೆಲ್ಲ ಹುಬ್ಬಳ್ಳಿಯವನ ಜೊತೆ, ಅದೂ ಅವನ ಮೆಚ್ಚಿನ ಒಬ್ಬ ಕಾರ್ನರ್‌ಬ್ಯಾಕ್‌ಗಾಗಿ.

ಎದುರು ತಂಡದಲ್ಲಿ ಚೆಂಡು ಹಿಡಿಯಲು ಓಡುವವನ ಬೆನ್ನು ಹತ್ತುವುದು ಈ ಆಟಗಾರನ ಕೆಲಸ. ಎದುರಾಳಿಗಳು ಅವನ ಕಡೆಗೆ ಎಷ್ಟು ಸಲ ಚೆಂಡು ಎಸೆದರು ಅನ್ನೋದೇ ದೊಡ್ಡ ಅಂಕಿ. ಪ್ರತಿ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಹುಬ್ಬಳ್ಳಿಯವನ ಕೋಷ್ಟಕ ಬರುತ್ತಿತ್ತು. ಕೆಳಗೆ ಒಂದು ಸಾಲು: "ನೋಡ್ರಿಪಾ, ಸೊನ್ನಿ!"

"ಅಂಜಿ ಯಾರೂ ಅವನ ಕಡೆ ಎಸೆಯಂಗಿಲ್ರಿ ಅಕ್ಕಾರ," ಅನ್ನೋದು ಅವನ ವಾದ. ಒಂದು ಮಂಗಳವಾರ ನನಗೆ ರೇಗಿತು. "ಯಾರಿಗೂ ಬೇಡವಾದವನಿಗೂ ಸೊನ್ನೆಯೇ ಬರೋದು ಕಣೋ. ನಿನ್ನ ಥರ," ಅಂತ ಬರೆದುಬಿಟ್ಟೆ.

ಉತ್ತರ ಬರಲಿಲ್ಲ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ ಬಿಡು ಅಂದುಕೊಂಡೆ. ಆಫೀಸಿನಲ್ಲೂ ಕಾಣಲಿಲ್ಲ. ಮನೆಯಿಂದಲೇ ಕೆಲಸ ಮಾಡ್ತಿರಬೇಕು ಅಂದರು ಉಳಿದವರು. ಯಾರೂ ಒಂದು ಮೆಸೇಜ್ ಹಾಕಿ ಕೇಳಲಿಲ್ಲ.

ಮುಂದಿನ ಮಂಗಳವಾರ ಎಂಟಕ್ಕೆ ಸರಿಯಾಗಿ ಕೋಷ್ಟಕ ಬಂತು. "ನೋಡ್ರಿಪಾ, ಸೊನ್ನಿ!" ಸದ್ಯ, ಕೋಪ ಇಳೀತು ಅಂತ ಉತ್ತರ ಟೈಪ್ ಮಾಡತೊಡಗಿದೆ. ಅರ್ಧಕ್ಕೆ ಬೆರಳು ನಿಂತಿತು. ಆ ವಾರ ಆ ಕಾರ್ನರ್‌ಬ್ಯಾಕ್‌ನ ತಂಡಕ್ಕೆ ರಜೆ. ಪಂದ್ಯವೇ ಇರಲಿಲ್ಲ! ಇಷ್ಟು ದಿನವೂ ಅದನ್ನು ಕಳಿಸುತ್ತಿದ್ದದ್ದು ಅವನು ಬರೆದಿಟ್ಟ ಪ್ರೋಗ್ರಾಮು ಅಂತ ಆಗ ಹೊಳೆಯಿತು. ಹಾಗಾದರೆ ಅವನೆಲ್ಲಿ?

ಕಾರು ಹತ್ತಿ ಅವನ ಫ್ಲ್ಯಾಟಿಗೆ ಹೋದೆ. ಬಾಗಿಲು ಬಡಿದೆ, ಸದ್ದಿಲ್ಲ. ಫೋನ್ ಮಾಡಿದೆ. ಬಾಗಿಲ ಆಚೆಗೇ ಅದು ರಿಂಗಾಯಿತು, ನಿಂತಿತು. ಮತ್ತೆ ಮಾಡಿದೆ, ಮತ್ತೆ ರಿಂಗಾಯಿತು. ಅಯ್ಯೋ ದೇವರೇ! ಸೆಕ್ಯುರಿಟಿಯವನು ಬೀಗ ಒಡೆಸಿದಾಗ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದ, ಮೈ ಕೆಂಡ. ಮೇಜಿನ ಮೇಲೆ ಲ್ಯಾಪ್‌ಟಾಪ್ ಆನ್ ಆಗಿಯೇ ಇತ್ತು. ಪರದೆಯಲ್ಲಿ ಅದೇ ಕೋಷ್ಟಕ.

ಡೆಂಗಿ. ಸ್ವಲ್ಪದರಲ್ಲಿ ಉಳಿದ ಅಂದರು ಡಾಕ್ಟರು.

ನಾಲ್ಕನೇ ದಿನ ತಮಿಳರ ಅಂಗಡಿಯಿಂದ ಇಡ್ಲಿ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿಕೊಂಡು ಆಸ್ಪತ್ರೆಗೆ ಹೋದೆ. ಆ ಮಾತಿಗೆ ಕ್ಷಮೆ ಕೇಳಲೇಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅವನು ಫೋನ್ ಹಿಡಿದು ನಮ್ಮ ಗುಂಪನ್ನೇ ಮೇಲೆ ಕೆಳಗೆ ಸರಿಸುತ್ತಿದ್ದ. ನನ್ನನ್ನು ಕಂಡು ನಕ್ಕ.

"ಅಕ್ಕಾರ, ಆ ವಾರದಾಗ ನೀವೆಲ್ಲಾರೂ ಸೇರಿ ನನ್ನ ಕಡೆ ಎಷ್ಟು ಸಲ ಎಸದ್ರಿ, ಹೇಳ್ರಿ ನೋಡೋಣು?"

ಅಂಕಿ ನನಗೆ ಗೊತ್ತಿತ್ತು. ಇಡ್ಲಿಯ ಪೊಟ್ಟಣ ಬಿಚ್ಚುತ್ತ ಕೂತೆ.