ಒಂದು ಬದಿ ಉಜ್ಜಿದ ಲಾರಿ

ಲಾರಿಯ ಎಡಬದಿಯ ನೀಲಿಯನ್ನು ಪೂರಾ ಉಜ್ಜಿ ತೆಗೆದು, ಬೂದು ಬಣ್ಣದ ಪ್ರೈಮರ್ ಬಳಿದು ಮುಗಿಸಿದ ಪೇಂಟರ್, ಮರಳುಕಾಗದ ಹಿಡಿದು ಬಲಬದಿಗೆ ಹೊರಳಿದ. ಆಗ ಲಾರಿಯ ಮಾಲೀಕ ಅಡ್ಡ ಬಂದು, ಈ ಬದಿ ಸ್ವಲ್ಪ ಹೊತ್ತು ಹಾಗೇ ಇರಲಿ ಎಂದ. ಏಕೆಂದು ಪೇಂಟರ್ ಕೇಳಿದರೆ, ಅವನು ಟೈರು ಒದ್ದು ನೋಡತೊಡಗಿದ.

ಲಾರಿ ಸ್ಟ್ಯಾಂಡಿನಲ್ಲಿ ಅವನನ್ನು ಎಲ್ಲರೂ ಕರೆಯುವುದು ಗಡಿಬಿಡಿಯಣ್ಣನೆಂದು. ಕೂತಲ್ಲಿ ಕೂರುವ ಜೀವವಲ್ಲ. ಕುರ್ಚಿಯಲ್ಲಿ ಕೂತಾಗಲೂ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಅರ್ಧ ಆಯುಸ್ಸು ಪರರ ಲಾರಿ ಓಡಿಸಿ, ಕಡೆಗೆ ಸಾಲ ಮಾಡಿ ಸ್ವಂತದ್ದೊಂದನ್ನು ಕೊಂಡಿದ್ದ. ಹಿಂದೆ ಗಾಡಿ ನಿಂತರೆ ಧಣಿಗೆ ನಷ್ಟ, ಇವನಿಗೆ ನಿದ್ದೆ. ಈಗ ಧಣಿಯೂ ಅವನೇ, ನಷ್ಟವೂ ಅವನದೇ. ನಿದ್ದೆ ಮಾತ್ರ ಯಾರ ಪಾಲಿಗೂ ಬರಲಿಲ್ಲ. ನಿಂತ ಚಕ್ರವನ್ನು ಕಂಡರೆ ಸಾಲದ ಕಂತು ನೆನಪಾಗಿ ಹೆದರುತ್ತಿದ್ದ. ಲೋಡಿಗಾಗಿ ದಲ್ಲಾಳಿಗಳ ಬಾಗಿಲು ಕಾಯುವುದು, ಸಿಕ್ಕಿದ್ದನ್ನು ಹೇರಿಕೊಂಡು ಹೋಗುವುದು, ಮರಳುವಾಗ ಖಾಲಿ ಬರಬೇಕಾದೀತೆಂದು ದಾರಿಯುದ್ದಕ್ಕೂ ಹಲ್ಲು ಕಡಿಯುವುದು: ಮೊದಲ ವರ್ಷ ಹೀಗೇ ಕಳೆದಿತ್ತು.

ಆದ್ದರಿಂದಲೇ ಟೈಲ್ಸ್ ಕಾರ್ಖಾನೆಯ ಲೋಡಿಂಗ್ ಮ್ಯಾನೇಜರ್ ಕರೆದು ಹೇಳಿದ ಮಾತು ಅವನ ಕಿವಿಗೆ ಜೇನು ಸುರಿದಂತಾಗಿತ್ತು. ಲಾರಿಯ ಎರಡೂ ಬದಿಗೆ ಕಾರ್ಖಾನೆಯ ಬಣ್ಣ ಹಚ್ಚಿ ಹೆಸರು ಬರೆಸಿದರೆ ವರ್ಷವಿಡೀ ಲೋಡು. ಯಾರ ಬಾಗಿಲನ್ನೂ ಕಾಯಬೇಕಿಲ್ಲ. ಅವನು ಹಿಂದುಮುಂದು ನೋಡದೆ ಒಪ್ಪಿಕೊಂಡು, ಮರುದಿನವೇ ಪೇಂಟರನ ಶೆಡ್ಡಿಗೆ ಗಾಡಿ ತಂದು ನಿಲ್ಲಿಸಿದ್ದ. ಈಗ ನೀಲಿ ಬಣ್ಣ ಪುಡಿಪುಡಿಯಾಗಿ ನೆಲಕ್ಕುದುರಿದ್ದನ್ನು ನೋಡಿದವನು, ಬಲಬದಿಯನ್ನು ಮುಟ್ಟಬೇಡವೆಂದು ಮತ್ತೊಮ್ಮೆ ಹೇಳಿ ಮನೆಗೆ ನಡೆದ.

ಮನೆಗೆ ಬಂದರೆ ಅಲ್ಲಿಯೂ ನಿಲ್ಲಲಾಗಲಿಲ್ಲ. ನಲ್ಲಿ ತಿರುಗಿಸಿದ, ಮುಚ್ಚಿದ. ಕಿಟಕಿಯ ಚಿಲಕ ಹಾಕಿದ, ತೆಗೆದ. ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ತಲೆಯೆತ್ತಲಿಲ್ಲ.

"ರೀ, ಒಂದೋ ಕೂತ್ಕೊಳ್ಳಿ, ಇಲ್ಲಾ ರಸ್ತೆಗೆ ಹೋಗಿ. ನೀವು ಹೀಗೆ ಓಡಾಡ್ತಿದ್ರೆ ನನ್ನ ಹೊಲಿಗೆ ಸೊಟ್ಟ ಹೋಗುತ್ತೆ."

ಅವನು ಕೂತ. ಅವನು ಒರಗಿದ ದಿಂಬಿನ ಚೀಲ ಕಂದುಗೆಂಪು ಚೌಕಳಿಯದು. ಕಿಟಕಿಯ ಪರದೆಯೂ ಅದೇ ಬಟ್ಟೆ, ಯಂತ್ರದ ಮುಸುಕೂ ಅದೇ, ಲಾರಿಯ ಸೀಟಿನ ಹೊದಿಕೆಯೂ ಅದೇ. ಹಿಂದೊಮ್ಮೆ ಹೆಂಡತಿ ಒಂದೇ ಶಾಲೆಯ ಸಮವಸ್ತ್ರವನ್ನು ಹೊಲಿಯಲು ಒಪ್ಪಿಕೊಂಡು, ಬೇರೆ ಗಿರಾಕಿಗಳನ್ನೆಲ್ಲ ವಾಪಸ್ಸು ಕಳಿಸಿ, ಥಾನುಗಟ್ಟಲೆ ಇದೇ ಬಟ್ಟೆ ತಂದಿದ್ದಳು. ಶಾಲೆಯವರು ಬಣ್ಣ ಬದಲಿಸಿದರು. ಬಟ್ಟೆ ಅಟ್ಟ ಸೇರಿತು. ಬೇರೆಡೆ ಹೊಲಿಸಿಕೊಳ್ಳಲು ಕಲಿತ ಹಳೆಯ ಗಿರಾಕಿಗಳನ್ನು ಮರಳಿ ಕರೆತರಲು ಅವಳಿಗೆ ಬಹುಕಾಲ ಹಿಡಿಯಿತು. ಆ ಕತೆಯನ್ನು ಅವಳು ಈಗ ಎತ್ತಲಿಲ್ಲ. ಕಾರ್ಖಾನೆಯಲ್ಲಿ ಟೈಲ್ಸ್ ಸುಡುವ ಗೂಡನ್ನು ರಿಪೇರಿಗೆಂದು ಆರಿಸುವ ತಿಂಗಳುಗಳಲ್ಲಿ ಈ ಬಣ್ಣದ ಗಾಡಿಗೆ ಬೇರೆ ಯಾರು ಲೋಡು ಕೊಡುತ್ತಾರೆ ಎಂದಷ್ಟೇ ಕೇಳಿ, ಹಲ್ಲಿನಿಂದ ದಾರ ಕಡಿದಳು.

ಬಲಬದಿಯನ್ನು ಉಜ್ಜಲು ತಾನು ಬಿಡದ ಕಾರಣ ಅವನಿಗೆ ಈಗ ಹೊಳೆಯಿತು. ಹೋದ ಸಲ ಗೂಡು ಆರಿ, ದಲ್ಲಾಳಿಗಳಿಂದ ಆಗಾಗ ಸಿಗುತ್ತಿದ್ದ ಟೈಲ್ಸ್ ಲೋಡು ನಿಂತಾಗ ಅವನನ್ನು ಉಳಿಸಿದ್ದು ಕುರ್ಚಿ ಮೇಜು ಮಾಡುವ ಒಬ್ಬ ಬಡಗಿ. ಬೇರೆ ಕಂಪನಿಯ ಹೆಸರು ಹೊತ್ತ ಗಾಡಿಯಲ್ಲಿ ತನ್ನ ಸಾಮಾನು ಕಳಿಸಲು ಆತ ಖಂಡಿತ ಒಪ್ಪಲಾರ. ನಿಲ್ಲುವುದಕ್ಕೆ ಹೆದರಿದವನು, ನಿಂತೇಬಿಡುವ ಕಡೆಗೆ ಗಾಡಿಯನ್ನು ತಿರುಗಿಸಿದ್ದ.

ನೇರ ಕಾರ್ಖಾನೆಗೆ ಹೋದ. ಮ್ಯಾನೇಜರನ ಮೇಜಿನ ಮೇಲೆ ಬಗೆಬಗೆಯ ಟೈಲ್ಸ್ ತುಂಡುಗಳು ಹರಡಿದ್ದವು. ಚಹಾದ ಲೋಟವೂ ಒಂದು ತುಂಡಿನ ಮೇಲೆಯೇ ಕೂತಿತ್ತು. ಗೂಡು ಆರಿದಾಗ ತನ್ನ ಗತಿಯೇನೆಂದು ಅವನು ಕೇಳಿದ. ಆಗಿನ ಮಾತು ಆಗ ನೋಡೋಣ ಎಂದ ಮ್ಯಾನೇಜರ್, ಅವನ ಮುಖ ಸಡಿಲವಾಗದ್ದನ್ನು ಕಂಡು ನಕ್ಕ.

"ಯಾಕಯ್ಯಾ ಒದ್ದಾಡ್ತೀಯ? ಬಣ್ಣ ಹಚ್ಚಿದ ಮೇಲೆ ಅದು ನಮ್ಮ ಗಾಡಿ ಅಲ್ವಾ?"

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ, ಸಮಾಧಾನಕ್ಕೆ ಆಡಿದ್ದು. ಆದರೂ ಮೇಜಿನ ಕೆಳಗೆ ಅವನ ಬಲಗಾಲು ಬ್ರೇಕನ್ನು ಗಟ್ಟಿಯಾಗಿ ಅದುಮಿ ಹಿಡಿಯಿತು.

"ಕಂತು ಕಟ್ಟೋವಾಗ ನನ್ನದೇ ಆಗಿರುತ್ತೆ ಸಾರ್."

ಮ್ಯಾನೇಜರನ ನಗು ಆರಿತು. ಗಡಿಬಿಡಿಯಣ್ಣ ಬಾಗಿಲಿನವರೆಗೆ ಹೋಗಿ ಮತ್ತೆ ತಿರುಗಿ ಬಂದು, ದಾರಿಯಲ್ಲಿ ಹೊಳೆದ ಉಪಾಯವನ್ನು ತಡವರಿಸುತ್ತ ಮುಂದಿಟ್ಟ. ಹೆಸರನ್ನು ಬಟ್ಟೆಯ ಮೇಲೆ ಬರೆಸುತ್ತೇನೆ. ನಿಮ್ಮ ಲೋಡಿದ್ದ ದಿನ ಎರಡೂ ಬದಿಗೆ ಕಟ್ಟುತ್ತೇನೆ, ಇಲ್ಲದ ದಿನ ಬಿಚ್ಚಿಡುತ್ತೇನೆ. ಮ್ಯಾನೇಜರ್ ಬಹಳ ಹೊತ್ತು ಗೊಣಗಿದ. ಕೊನೆಗೆ ಒಪ್ಪಿದ್ದು ಒಂದು ಕರಾರಿನ ಮೇಲೆ: ಬಣ್ಣ ಹಚ್ಚಿಸಿದ ಲಾರಿಗಳೆಲ್ಲ ತುಂಬಿದ ಮೇಲೆಯೇ ಅವನ ಸರದಿ. ವರ್ಷವಿಡೀ ಲೋಡಿನ ಭರವಸೆ ಅಲ್ಲಿಗೆ ಮುಗಿಯಿತು. ಹೊರಗೆ ಬಂದವನಿಗೆ ಗೆದ್ದೆನೋ ಕೈಯಾರೆ ಅನ್ನ ಚೆಲ್ಲಿಕೊಂಡೆನೋ ತಿಳಿಯಲಿಲ್ಲ.

ಹೆಂಡತಿ ದಪ್ಪ ಕ್ಯಾನ್ವಾಸಿಗೆ ಅಂಚು ಮಡಿಸಿ, ಹಿಂಬದಿಗೆ ಅಟ್ಟದ ಚೌಕಳಿಯನ್ನು ಒಳಪದರವಾಗಿ ಕೊಟ್ಟು, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥ ಕುಣಿಕೆಗಳನ್ನು ಹೊಲಿದಳು. ಅದರ ಮೇಲೆ ಹೆಸರು ಬರೆದುಕೊಟ್ಟ ಪೇಂಟರ್, ಉಜ್ಜಿದ ಕೂಲಿ ಬೇರೆ, ಬರೆದ ಕೂಲಿ ಬೇರೆ ಎಂದು ಎರಡನ್ನೂ ವಸೂಲಿ ಮಾಡಿದ. ಬೂದು ಬದಿಗೆ ಮತ್ತೆ ನೀಲಿ ಬಳಿಸಲು ಕೈಯಲ್ಲಿ ಏನೂ ಉಳಿಯಲಿಲ್ಲ.

ಮೊದಲ ದಿನ ಕಾರ್ಖಾನೆಯ ಗೇಟಿನೊಳಗೆ ಬಣ್ಣದ ಲಾರಿಗಳ ಸಾಲು, ಸಾಲಿನ ಬಾಲದಲ್ಲಿ ಅವನು. ಮುಂದಿನ ಗಾಡಿಯ ಚಾಲಕ ಇಳಿದು ಬಂದು ಬಟ್ಟೆಯನ್ನು ಮುಟ್ಟಿ ನೋಡಿದ.

"ಏನು ಗಡಿಬಿಡಿಯಣ್ಣಾ, ಗಾಡಿಗೆ ಮಳೆಕೋಟು ಹೊಲಿಸಿದ್ದೀಯಾ? ಶೀತ ಗೀತ ಆಗಿದ್ಯಾ?"

"ನಿನ್ನ ಗಾಡಿಯ ಅಂಗಿ ಮೈಗೇ ಅಂಟ್ಕೊಂಡಿದೆ, ಬಿಚ್ಚೋಕೂ ಬರಲ್ಲ ಬಿಡಪ್ಪಾ" ಎಂದನಾದರೂ ಅವನ ಕಣ್ಣು ಸಾಲಿನ ಮುಂದಿನ ತುದಿಯಲ್ಲೇ ಇತ್ತು. ಮುಂದಿನ ಲಾರಿಗಳು ಒಂದೊಂದಾಗಿ ತುಂಬಿಕೊಂಡು ಹೊರಟವು. ಅವನು ಇಳಿದು ಟೈರು ಒದ್ದು ನೋಡಿದ, ಹತ್ತಿದ, ಮತ್ತೆ ಇಳಿದ. ಇಂದೇ ಪೇಂಟರನ ಬಳಿ ಹೋದರೆ ನಾಳೆ ಸಾಲಿನ ಮುಂದೆ ನಿಲ್ಲಬಹುದು ಎಂಬ ಯೋಚನೆ ಜಿಗಣೆಯಂತೆ ಹಿಡಿಯಿತು.

ಅಷ್ಟರಲ್ಲಿ ಬಡಗಿಯ ಫೋನು ಬಂತು. ಮೇಜುಗಳು ಸಿದ್ಧವಾಗಿವೆ, ಕೂಡಲೇ ಬರಲಾದೀತೇ ಎಂದು ಆತ ಕೇಳಿದ. ಅವನು ಸಾಲಿನತ್ತ ನೋಡಿದ. ಮುಂದೆ ಇನ್ನೂ ಲಾರಿಗಳಿದ್ದವು. ಬರುತ್ತೇನೆ ಎಂದು ಹೇಳಿ ಕುಣಿಕೆಗಳನ್ನು ಎಳೆದ. ಬಟ್ಟೆ ಸರಸರನೆ ಜಾರಿ ತೋಳಿಗೆ ಬಿತ್ತು. ಮಡಿಸಿ, ಚೌಕಳಿಯ ಬದಿ ಮೇಲಾಗಿ ಸೀಟಿನ ಹಿಂದಿಟ್ಟ.

ಗೇಟಿನಲ್ಲಿ ಮ್ಯಾನೇಜರ್ ತಡೆದು, ಸರದಿ ಬಿಟ್ಟು ಎಲ್ಲಿಗೆ ಹೊರಟೆ, ನಾಳೆ ಬರುತ್ತೀಯೋ ಇಲ್ಲವೋ ಎಂದು ಗದರಿಸಿದ.

"ಲೋಡ್ ಇದ್ರೆ ಫೋನ್ ಮಾಡಿ ಸಾರ್. ಗಾಡಿ ಖಾಲಿ ಇದ್ರೆ ಬರ್ತೀನಿ."

ಒಂದು ಬದಿ ನೀಲಿ, ಇನ್ನೊಂದು ಬದಿ ಬೂದಾಗಿದ್ದ ಆ ಲಾರಿ ರಸ್ತೆಗೆ ಹೊರಳಿತು. ನಾಳೆ ಆ ಫೋನು ಬರುತ್ತದೋ ಇಲ್ಲವೋ ಎಂಬ ಚಿಂತೆ ಮೊದಲ ತಿರುವಿನಲ್ಲೇ ಅವನ ಪಕ್ಕಕ್ಕೆ ಹತ್ತಿ ಕೂತಿತು. ಅವನು ಗೇರು ಬದಲಿಸಿದ. ಬಲಗಾಲಿನ ಕೆಳಗೆ ಈ ಸಲ ಇದ್ದದ್ದು ನಿಜವಾದ ಬ್ರೇಕು.