ಗೌಡರ ಜೋಳ ಕೊಳೆತ ಸುಗ್ಗಿ

ನಿನ್ನೆ ಸಿಂದಗಿ ಸಂತೆಯಲ್ಲಿ ಮಳೆಗೆ ನೆನೆದ ಜೋಳದ ಚೀಲದಿಂದ ಮುಗ್ಗಲು ವಾಸನೆ ಬಂತು. ಎಲ್ಲರೂ ಮುಖ ಸಿಂಡರಿಸಿದರು. ನನಗೆ ಮಾತ್ರ ಅದು ಹಬ್ಬದ ವಾಸನೆ.

ನಾನಾಗ ಶಾಲೆಗೆ ಹೋಗುವ ಹುಡುಗಿ. ಅಪ್ಪ ಊರ ಗೌಡರ ಮನೆಯಲ್ಲಿ ಜೀತಕ್ಕಿದ್ದ. ಬಾರುಕೋಲಿನ ಏಟು ತಿಂದ ಅವನ ಬೆನ್ನಿಗೆ ಅವ್ವ ಎಣ್ಣೆ ಸವರುತ್ತಿದ್ದಳು. ಒಂದು ಸಂಜೆ ಮಾಸ್ತರರು ಕಲಿಸಿದ ಅಮೆರಿಕದ ಪಾಠವನ್ನು ಅವನಿಗೆ ಹೇಳಿದೆ. ಅಲ್ಲಿ ಕಪ್ಪು ಜನರನ್ನು ದನಗಳಂತೆ ಮಾರುತ್ತಿದ್ದರು, ಚಾವಟಿಯಿಂದ ಹೊಡೆಯುತ್ತಿದ್ದರು, ಕೊನೆಗೆ ದೊಡ್ಡ ಯುದ್ಧವಾಗಿ ಅವರಿಗೆ ಬಿಡುಗಡೆಯಾಯಿತು ಎಂದೆ.

"ಹೊಡದಾವ್ರಿಗೆ ಏನ್ ಮಾಡಿದ್ರು?" ಅಪ್ಪ ಕೇಳಿದ.

"ಅದು ಪಾಠದಾಗ ಇಲ್ಲಪ್ಪಾ."

ಅಪ್ಪ ಹಲ್ಲು ಕಚ್ಚಿ ಅಂಗಿ ತೊಟ್ಟುಕೊಂಡ.

ಮುಂದೆ ನಮ್ಮಲ್ಲೂ ಜೀತ ರದ್ದಾಯಿತು. ಅಪ್ಪ ಗೌಡರ ಮನೆ ಬಿಟ್ಟ; ಉಳಿದ ಆಳುಗಳೂ ಬಿಟ್ಟರು. ಆ ಸುಗ್ಗಿಯಲ್ಲಿ ಗೌಡರ ಜೋಳ ಹೊಲದಲ್ಲೇ ಒಣಗಿ ನಿಂತಿದ್ದಾಗ ಅಕಾಲದ ಮೋಡ ಕವಿಯಿತು. ಅಪ್ಪನನ್ನು "ಲೇ ಲಗಮ್ಯಾ" ಎಂದೇ ಕರೆಯುತ್ತಿದ್ದ ಗೌಡರು ಮೊದಲ ಸಲ ನಮ್ಮ ಗುಡಿಸಲಿಗೆ ಬಂದರು.

"ಲಗಮಣ್ಣಾ, ಪೀಕ ಹಾಳಾಕ್ಕೈತೋ. ಎಲ್ಲಾರ್ನೂ ಕರಕೊಂಡ ಬಾ. ನಿನ್ನ ಕಾಲಿಗಿ ಬೀಳ್ತೇನಿ."

ಹೊಸ್ತಿಲ ಮೇಲೆ ಕೂತಿದ್ದ ಅಪ್ಪ ಕಾಲು ಚಾಚಿದ. "ಬೀಳ್ರಿ."

ಗೌಡರು ಅತ್ತಿತ್ತ ನೋಡಿ, ರುಮಾಲು ತೆಗೆದು, ಬಗ್ಗಿದರು. ಅಪ್ಪ ಕಾಲು ಹಿಂದೆಳೆದುಕೊಂಡು ನಕ್ಕ, ಎದ್ದು ಬಾಗಿಲು ಹಾಕಿಕೊಂಡ.

ವಾರವಿಡೀ ಮಳೆ ಸುರಿದು ಜೋಳ ಕಪ್ಪಾಗಿ ಕೊಳೆಯಿತು. "ಅನ್ನಾ ಹಾಳಾತು," ಎಂದು ಅವ್ವ ಅತ್ತಳು. ಅಪ್ಪ ಮಾತ್ರ ದಿನಾ ನನ್ನನ್ನು ಹೊಲದ ಬದುವಿಗೆ ಕರೆದೊಯ್ದು, ಕಣ್ತುಂಬ ನೋಡಿ ಬರುತ್ತಿದ್ದ.

ನಿನ್ನೆ ಸಂತೆಯಿಂದ ಮರಳುವಾಗ ಬಸ್ಸಿನಲ್ಲಿ ಗೌಡರ ಮೊಮ್ಮಗ ಸಿಕ್ಕು, "ಹಳೇದೆಲ್ಲಾ ಮರತಬಿಡ್ರಿ, ಅಕ್ಕಾರ," ಎಂದ.

"ಇನ್ನೂ ಸಿಟ್ಟ ಆರಿಲ್ಲ, ತಮ್ಮಾ," ಎಂದೆ. ಅವನು ಎದ್ದು ಬಿಟ್ಟುಕೊಟ್ಟ ಸೀಟಿನಲ್ಲಿ ಹಾಯಾಗಿ ಕೂತೆ.