ಗಂಜಿ ಬಸಿಯುವ ಜಾಗ

ಪುಕ್ಕಲುತನದಲ್ಲಿ ನನಗೆ ಸಾಕಷ್ಟು ಅನುಭವವಿದೆ. ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಓದುವ ಸರದಿ ನನ್ನದು ಎಂದು ಗೊತ್ತಾದರೆ ಬುಧವಾರದಿಂದಲೇ ಗಂಟಲು ಒಣಗುತ್ತದೆ. ಗಂಡ ನೌಕಾದಳದವರು. ತಿಂಗಳುಗಟ್ಟಲೆ ಹಡಗಿನಲ್ಲಿದ್ದು ಬಂದರೂ ಅವರ ಮುಖದಲ್ಲಿ ಚಿಂತೆಯ ಗೆರೆ ಇರುವುದಿಲ್ಲ. ದಡದಲ್ಲೇ ಇರುವ ನಾನು ಇಬ್ಬರ ಪಾಲಿನದನ್ನೂ ಚಿಂತಿಸಿ ಮುಗಿಸಿರುತ್ತೇನೆ. ಇಂಥ ನಾನು ಒಂದು ಸೇವಾಯಾತ್ರೆಗೆ ಹೆಸರು ಕೊಟ್ಟೆನೆಂದರೆ ನೀವು ನಂಬಲಿಕ್ಕಿಲ್ಲ. ನನಗೂ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಕೆನಡಾದಿಂದ ಆರು ಜನ ವಿನ್ಯಾಸಕಾರರು ವಿಜಯವಾಡಕ್ಕೆ ಬರುವವರಿದ್ದರು. ಎಲ್ಲರೂ ಒಂದೇ ಚರ್ಚಿನವರು. ಹತ್ತು ದಿನ ಇದ್ದು, ಅಲ್ಲಿಯ ಒಂದು ಮಿಷನ್ ಕಾಂಪೌಂಡಿನಲ್ಲಿ ಹಳೆಯದನ್ನು ಕೆಡವಿ ಕಟ್ಟಲಿರುವ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ನಕ್ಷೆ ಬರೆದುಕೊಟ್ಟು ಹೋಗುವುದು ಅವರ ಸೇವೆ. ಜೊತೆಗೊಬ್ಬರು ಸ್ಥಳೀಯರು ಬೇಕೆಂದು ವಿಶಾಖಪಟ್ಟಣದ ನಮ್ಮ ಚರ್ಚಿಗೆ ಪತ್ರ ಬಂತು. ಪಾಸ್ಟರು ನನ್ನ ಕಡೆ ನೋಡಿದರು. ಮದುವೆಗೆ ಮುಂಚೆ ನಾನು ಧಾರವಾಡದ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದವಳು. ಆಮೇಲೆ ವರ್ಗಾವಣೆಯಿಂದ ವರ್ಗಾವಣೆಗೆ ಸಾಮಾನು ಕಟ್ಟುವುದರಲ್ಲಿ ನನ್ನ ಸ್ಕೇಲು, ಪೆನ್ಸಿಲು ಯಾವ ಪೆಟ್ಟಿಗೆಯ ತಳ ಸೇರಿದವೋ. ಹದಿನಾರು ವರ್ಷದಲ್ಲಿ ನಾನು ಬರೆದುಕೊಟ್ಟ ಚಿತ್ರವೆಂದರೆ ಮಗಳ ಸೈನ್ಸ್ ನೋಟ್‌ಬುಕ್ಕಿನ ಹೃದಯ, ಅದರ ಎಡ ಬಲ ಕೂಡ ಅದಲುಬದಲಾಗಿತ್ತು. ಆದರೂ ಹೂಂ ಎಂದುಬಿಟ್ಟೆ. ಯಾರಾದರೂ ಮತ್ತೆ ಈ ಕೆಲಸಕ್ಕೆ ನನ್ನನ್ನು ಕರೆಯಲಿ ಎಂದು ಇಷ್ಟು ವರ್ಷ ಕಾದಿದ್ದೆ ಅನ್ನುವುದು ಆಗಲೇ ನನಗೆ ತಿಳಿದದ್ದು.

ರೈಲು ಅನಕಾಪಲ್ಲಿ ದಾಟುವಷ್ಟರಲ್ಲಿ ಇನ್ನೊಂದು ವಿಷಯವೂ ತಿಳಿಯಿತು. ಆ ಸ್ಥಳೀಯಳು ನಾನೇ. ತರಕಾರಿಯವರೊಂದಿಗೆ, ಆಟೋದವರೊಂದಿಗೆ ನಡೆಸುವಷ್ಟು ತೆಲುಗು ನನ್ನದು. ಕನ್ನಡಕ್ಕಿಂತ ತೆಲುಗೇ ಸಲೀಸಾಗಿರುವ ನನ್ನ ಮಗಳು, ನಾನು ತೆಲುಗಿನಲ್ಲಿ ಬಾಯಿ ತೆರೆದರೆ ಬೇರೆ ಕಡೆ ಮುಖ ತಿರುಗಿಸಿಕೊಳ್ಳುತ್ತಾಳೆ. ವಿಜಯವಾಡ ಕೆನಡಾದವರಿಗೆ ಎಷ್ಟು ಪರದೇಶವೋ ನನಗೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅವರಿಗೆ ಇದನ್ನು ಹೇಳುವವರು ಯಾರು?

ತಂಡದ ಮುಖ್ಯಸ್ಥೆ ಮಾರ್ಗರೆಟ್ ಎಪ್ಪತ್ತು ದಾಟಿದ ಹಿರಿಯ ಆರ್ಕಿಟೆಕ್ಟು. ಅವರು ಎಲ್ಲದಕ್ಕೂ ನನ್ನನ್ನೇ ಕೇಳುತ್ತಿದ್ದರು. ಇಲ್ಲಿ ಹುಡುಗಿಯರು ಒದ್ದೆ ಬಟ್ಟೆ ಎಲ್ಲಿ ಹರವುತ್ತಾರೆ? ಚಪ್ಪಲಿ ಎಲ್ಲಿ ಬಿಡುತ್ತಾರೆ? ನಾನು ನಮ್ಮ ಕ್ವಾರ್ಟರ್ಸಿನ ಮನೆಯನ್ನು ನೆನೆದು ಉತ್ತರ ಕೊಡುತ್ತಿದ್ದೆ. ಅವರು ಇಡೀ ದೇಶವೇ ಬಾಯಿಬಿಟ್ಟಿತೆಂಬಂತೆ ಬರೆದುಕೊಳ್ಳುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ಉಳಿದವರು, ಕರ್ತನೇ ನಮ್ಮ ಕೈಗಳನ್ನು ಉಪಯೋಗಿಸು ಎಂದು ಬೇಡುವಾಗ, ಕರ್ತನೇ ಇವತ್ತು ಪ್ರಶ್ನೆಗಳು ಕಡಿಮೆಯಿರಲಿ ಎಂದು ನಾನು ಬೇಡುತ್ತಿದ್ದೆ. ಮೂರನೆಯ ದಿನ ಅಡುಗೆಮನೆಯ ನಕ್ಷೆ ನನ್ನ ಪಾಲಿಗೆ ಬಂತು. ಪ್ರಾರ್ಥನೆ ಕೇಳಿಸಿರಲಿಲ್ಲವೆಂದು ಕಾಣುತ್ತದೆ.

ನಕ್ಷೆಯ ಸ್ವಭಾವದ ಬಗ್ಗೆ ಇಲ್ಲಿ ಒಂದು ಮಾತು. ನಕ್ಷೆಯೆಂದರೆ ಸೂರು ತೆಗೆದ ಮನೆಯನ್ನು ಮೇಲಿನಿಂದ ನೋಡುವುದು. ಮನೆಯನ್ನು ಹಾಗೆ ನೋಡುವವರು ದೇವರು ಮತ್ತು ನಕ್ಷೆ ಬರೆಯುವವರು ಮಾತ್ರ, ಅವರಲ್ಲಿ ಎರಡನೆಯವರಿಗೆ ಬೇಗ ಜಂಬ ಬರುತ್ತದೆ. ಅಲ್ಲಿ ಯಾರೂ ಬೆವರುವುದಿಲ್ಲ, ಯಾವ ಪಾತ್ರೆಗೂ ಭಾರವಿಲ್ಲ. ಒಲೆ, ಸಿಂಕು, ಸಾಮಾನಿನ ಕಪಾಟು ಈ ಮೂರರ ನಡುವೆ ಒಂದು ತ್ರಿಕೋನ ಏರ್ಪಡಬೇಕೆಂದು ನಾವು ಕಲಿಯುವಾಗ ಹೇಳಿಕೊಟ್ಟಿದ್ದರು. ನನ್ನ ತ್ರಿಕೋನ ಸೊಗಸಾಗಿ ಬಂತು. ಸೊಂಟದೆತ್ತರದ ಕರಿಕಲ್ಲಿನ ಕಟ್ಟೆ, ಕಿಟಕಿಯ ಕೆಳಗೆ ಸಿಂಕು, ತಟ್ಟೆ ಹಿಡಿದು ಹುಡುಗಿಯರು ಸಾಲು ನಿಲ್ಲಲು ಬಾಗಿಲ ಪಕ್ಕದಲ್ಲೇ ಓಣಿ. ಹಳೆಯ ಅಡುಗೆಮನೆ ಹಿತ್ತಲಲ್ಲಿ ಇನ್ನೂ ನಡೆಯುತ್ತಿತ್ತು. ಕೆಡವುವುದನ್ನು ನೋಡುವುದೇನು ಎಂದು ನಾವ್ಯಾರೂ ಅತ್ತ ಹಾದಿರಲಿಲ್ಲ. ಮಾರ್ಗರೆಟ್ ನನ್ನ ನಕ್ಷೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಆ ಒಂದು ದಿನ ನನಗೆ ಭಯವೇ ಇರಲಿಲ್ಲ.

ಎಂಟನೆಯ ದಿನ ರಟ್ಟಿನ ಮಾದರಿ ತಯಾರಾಯಿತು. ಮರುದಿನ ಹತ್ತು ಗಂಟೆಗೆ ಮಿಷನ್ನಿನ ಹಿರಿಯರು ಅದನ್ನು ನೋಡಿ ಒಪ್ಪುವುದಿತ್ತು, ಒಪ್ಪಿದರೆ ಕೂಡಲೇ ಪಾಯ. ಹಾಸ್ಟೆಲ್ಲಿನ ಅಡುಗೆಯವರಾದ ಕರುಣಮ್ಮ ಕೈ ಒರೆಸಿಕೊಳ್ಳುತ್ತಾ ನೋಡಲು ಬಂದರು. ಸೂರು ಎತ್ತಿ ತೋರಿಸಿದೆವು. ಅಡುಗೆಮನೆಯಲ್ಲಿ ಒಂದು ಬೆರಳಿಟ್ಟು ಅತ್ತಿತ್ತ ಆಡಿಸಿ, ನನ್ನನ್ನು ನೋಡಿ ಮೆಲ್ಲಗೆ ಕೇಳಿದರು, “ಗಂಜಿ ಎಕ್ಕಡ ವಾರ್ಚಾಲಮ್ಮಾ?”

ಗಂಜಿ ಎಲ್ಲಿ ಬಸಿಯಬೇಕು? ಕುಕ್ಕರಿನಲ್ಲಿ ಮೂರು ಸೀಟಿಗೆ ಅನ್ನ ಮಾಡುವ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ನೂರು ಹುಡುಗಿಯರ ಅನ್ನ ಕುದಿಯುವ ಹಂಡೆಯನ್ನು ಸೊಂಟದೆತ್ತರಕ್ಕೆ ಏರಿಸುವವರು ಯಾರು, ಇಳಿಸುವವರು ಯಾರು? ಕರುಣಮ್ಮ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಪಾದ ತೋರಿಸಿದರು. ಹೆಬ್ಬೆರಳಿನಿಂದ ಹರಡಿನವರೆಗೂ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. “ಪಾತ ವಂಟಗದಿಲೋ ಕಾಲಿಂದಮ್ಮಾ” ಎಂದರು. ಹಳೆಯ ಅಡುಗೆಮನೆಯಲ್ಲಿ ಸುಟ್ಟದ್ದು. ನಾನು ಬರೆದ ಹೊಸದರಲ್ಲಿ ಬಿಸಿ ಗಂಜಿ ಚೆಲ್ಲಿದರೆ ನೇರ ಹುಡುಗಿಯರ ಸಾಲಿಗೇ ಹರಿಯುತ್ತಿತ್ತು.

ಏನನ್ನುತ್ತಿದ್ದಾರೆ ಎಂದು ಮಾರ್ಗರೆಟ್ ಕೇಳಿದರು.

“ಚೆನ್ನಾಗಿದೆ ಅನ್ನುತ್ತಿದ್ದಾರೆ” ಎಂದೆ, ಇಂಗ್ಲಿಷಿನಲ್ಲಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ಕರುಣಮ್ಮನವರೂ ತಟ್ಟಿದರು, ತಮ್ಮ ಮಾತಿಗೇನೋ ಬೆಲೆ ಬಂತೆಂದುಕೊಂಡು. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಮಧ್ಯಾಹ್ನ ಊಟ ಸೇರಲಿಲ್ಲ. ತಟ್ಟೆಯಲ್ಲಿದ್ದದ್ದೂ ಅನ್ನವೇ. ಹಂಡೆ ನೆಲದ ಮೇಲಿಟ್ಟುಕೊಂಡರಾಯಿತು, ಇಷ್ಟು ವರ್ಷ ಹೇಗೋ ನಡೆದಿಲ್ಲವೇ ಎಂದು ಮನಸ್ಸಿಗೆ ಹೇಳಿ ನೋಡಿದೆ, ಅದು ಒಪ್ಪಲಿಲ್ಲ. ಸಂಜೆ ಗಂಡನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

“ಹೆಂಗ ಹೇಳಲಿ ರೀ? ಎಲ್ಲಾರೂ ಛಲೋ ಅದ ಅಂದಾರ. ಹದಿನಾರು ವರ್ಷದ ಮ್ಯಾಲೆ ಒಂದು ಕೆಲಸಾ ಸಿಕ್ಕದ.”

“ಅಕಿ ಅಂದಿದ್ದನ್ನ ಹೇಳಲಿಕ್ಕೆ ನಿನ್ನ ಕರಕೊಂಡ ಹೋಗ್ಯಾರ. ಅದನ್ನಷ್ಟು ಹೇಳು” ಎಂದರು.

ಮರುದಿನ ಬೆಳಿಗ್ಗೆ ಪ್ರಾರ್ಥನೆ ತಪ್ಪಿಸಿ ಹಳೆಯ ಅಡುಗೆಮನೆಗೆ ಹೋದೆ. ಕರುಣಮ್ಮ ಮತ್ತು ಇನ್ನೊಬ್ಬ ಹೆಂಗಸು ಬಟ್ಟೆ ಹಿಡಿದು ಹಂಡೆಯನ್ನು ಒಲೆಯಿಂದ ಇಳಿಸಿದರು. ಒಂದು ಕಲ್ಲಿಗೆ ಅದನ್ನು ವಾಲಿಸಿ, ಮುಚ್ಚಳವನ್ನು ಕೋಲಿನಿಂದ ಒತ್ತಿ ಹಿಡಿದಾಗ ಗಂಜಿ ಬೆಳ್ಳಗೆ ಹೊಗೆಯಾಡುತ್ತಾ ಬಕೆಟ್ಟಿಗೆ ಇಳಿಯಿತು. ಹಬೆ ಮುಖಕ್ಕೆ ಹೊಡೆದು ನಾನು ದೂರ ಸರಿದೆ. ಅವರು ಸರಿಯುವಂತಿರಲಿಲ್ಲ.

ಒಂಬತ್ತು ಗಂಟೆಗೆ ಆರೂ ಜನರ ಮುಂದೆ ನಿಂತೆ. ಅಡುಗೆಮನೆ ತಪ್ಪಾಗಿದೆ ಎಂದೆ. ಅಷ್ಟು ಹೇಳಿ ಕೂರಬಹುದಿತ್ತು. ಆದರೆ ಕಾಲು ನಡುಗಲು ಶುರುವಾದ ಮೇಲೆ ಪೂರ್ತಿ ನಡುಗಿಬಿಡಲಿ ಎನ್ನಿಸಿತು. ನಿನ್ನೆ ಕರುಣಮ್ಮ ಚೆನ್ನಾಗಿದೆ ಎನ್ನಲಿಲ್ಲ, ಅದು ನನ್ನ ಮಾತು ಎಂದೂ ಹೇಳಿದೆ. ಮಾರ್ಗರೆಟ್ ಬ್ಲೇಡು ತೆಗೆದುಕೊಂಡು ನನ್ನ ಅಡುಗೆಮನೆಯ ಗೋಡೆಗಳನ್ನು ಒಂದೊಂದಾಗಿ ಕೊಯ್ದು ಪಕ್ಕಕ್ಕಿಟ್ಟರು. ಹಿರಿಯರಿಗೆ, ಸಂಜೆ ಬನ್ನಿ ಎಂದು ಹೇಳಿ ಕಳಿಸಿದರು. ಆಮೇಲೆ ಕರುಣಮ್ಮನವರನ್ನು ಕರೆಸಿ, ತಾವು ಎದ್ದು, ತಮ್ಮ ಕುರ್ಚಿಯಲ್ಲೇ ಕೂರಿಸಿದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಕರುಣಮ್ಮ ಖಾಲಿಯಾದ ಜಾಗವನ್ನು ನೋಡಿದರು, ಕೊಯ್ದಿಟ್ಟ ಗೋಡೆಗಳನ್ನು ನೋಡಿದರು, ನನ್ನನ್ನು ನೋಡಿದರು. “ಈ ಅಮ್ಮಗಾರು ಎಪ್ಪುಡೂ ನಲುಗುರಿಕೇ ವಂಡಿನಟ್ಟುನ್ನಾರು” ಎಂದು ಶುರುಮಾಡಿದರು.

ಈ ಅಮ್ಮನವರು ಯಾವತ್ತೂ ನಾಲ್ಕೇ ಜನಕ್ಕೆ ಅಡುಗೆ ಮಾಡಿದವರಂತೆ ಕಾಣುತ್ತಾರೆ. ಆರು ಜೊತೆ ಕಣ್ಣುಗಳು ನನ್ನ ಬಾಯಿಯನ್ನೇ ನೋಡುತ್ತಿದ್ದವು. ಗಂಟಲು ಎಂದಿನಂತೆ ಒಣಗಿತ್ತು. ಒಂದು ಪದವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.